ಕತ್ತರಿಸದೆ ಬಿಟ್ಟ ಹನ್ನೆರಡು

ಮಂಜುಳಾ, ಅವತ್ತು ನಿನ್ನ ಹೆಸರು ಹೇಳಿದ್ದು ನಾನು.

ಬೇರೆ ಯಾರೋ ಹೇಳಿರಬೇಕು ಎಂದು ನೀನು ಇಷ್ಟು ವರ್ಷ ಅಂದುಕೊಂಡಿದ್ದೀಯ. ಆಶಾ ಕಾರ್ಯಕರ್ತೆ ಇರಬಹುದು, ಕಂಪನಿ ಬಸ್ಸಿನಲ್ಲಿ ನಮ್ಮ ಜೊತೆ ಬರುತ್ತಿದ್ದ ಹುಡುಗಿಯರಲ್ಲಿ ಒಬ್ಬಳಿರಬಹುದು ಎಂದು. ಅಲ್ಲ. ಆ ಪೊಟ್ಟಣವನ್ನು ಫ್ಯಾಕ್ಟರಿಯಿಂದ ಕದ್ದು ತಂದವಳು ನಾನು. ಅತ್ತಿಗೆಯ ಕೈಗೆ ಕೊಟ್ಟವಳೂ ನಾನೇ. ಅದು ಅಮ್ಮನ ಕೈಗೆ ಸಿಕ್ಕಿದಾಗ "ಮಂಜುಳ ಕೊಟ್ಟಿದ್ದು" ಎಂದವಳೂ ನಾನೇ.

ಹೋದ ತಿಂಗಳು ಚಿಂತಾಮಣಿಯಲ್ಲಿ ನಿನ್ನ ಮನೆಗೆ ಬಂದಾಗ ಇದನ್ನೇ ಹೇಳಲು ಬಂದಿದ್ದೆ. ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ — ಈ ಹಾಳೆಗಳನ್ನು ಇನ್ನಿಬ್ಬರು ಓದಬೇಕು. ಒಬ್ಬ ನನ್ನ ಅಣ್ಣ. ಇನ್ನೊಬ್ಬಳು ಅವನ ಮಗಳು ಭವ್ಯ.

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಆ ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದುದು ಕಾಂಡೋಮ್. ಜೊತೆಗೆ ಒಂದಷ್ಟು ಜೆಲ್ಲು, ಎಣ್ಣೆ, ದಂಪತಿಗಳಿಗಾಗಿ ಎಂದು ಬರೆದ ಡಬ್ಬಿಗಳು. ಗೇಟಿನ ಬೋರ್ಡಿನ ಮೇಲೆ ಮಾತ್ರ 'ರಬ್ಬರ್ ಉತ್ಪನ್ನಗಳು' ಎಂದಿತ್ತು. ಆ ಬೋರ್ಡಿನ ಹಿಂದೆ ನಾನು ಬಚ್ಚಿಟ್ಟುಕೊಂಡೆ. ಆಸ್ಪತ್ರೆಗೆ ಹೋಗುವ ಗ್ಲೌಸ್ ಮಾಡ್ತಾರೆ ಎಂದು ಮನೆಯಲ್ಲಿ ಹೇಳಿದೆ, ಮನೆಯವರು ಊರಿಗೆ ಹೇಳಿದರು. ನೀನು ಹಾಗೆ ಹೇಳಲಿಲ್ಲ. ನಲ್ಲಿಯ ಹತ್ತಿರ ಯಾರೋ ಕೇಳಿದ್ದಕ್ಕೆ, "ಕಾಂಡೋಮ್ ಫ್ಯಾಕ್ಟ್ರಿ ಕಣಕ್ಕ. ಟೆಸ್ಟಿಂಗಲ್ಲಿದೀನಿ," ಎಂದು ಬಿಂದಿಗೆ ಎತ್ತಿಕೊಂಡು ಹೊರಟೆಯಂತೆ. ಊರೆಲ್ಲ ಒಂದು ವಾರ ಅದನ್ನೇ ಆಡಿಕೊಂಡಿತು. ನಿಮ್ಮಪ್ಪ ನಮ್ಮೂರಿನ ನೀರುಗಂಟಿ, ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿ ಬೀದಿಬೀದಿಗೂ ನೀರು ಬಿಡುವವರು. ಅವರನ್ನು ತಡೆದು ಕೇಳಿದವರಿಗೆ "ನನ್ ಮಗಳು ಸುಳ್ಳು ಹೇಳಲ್ಲ" ಎಂದಷ್ಟೇ ಹೇಳಿದರಂತೆ.

ಅಂದಿನಿಂದ ನಮ್ಮೂರಿನ ಲೆಕ್ಕದಲ್ಲಿ ನೀನು 'ಆ ಫ್ಯಾಕ್ಟರಿ'ಯವಳು, ನಾನು ಗ್ಲೌಸಿನವಳು. ಒಂದೇ ಬಸ್ಸು, ಒಂದೇ ಕೋಣೆ, ಪಕ್ಕಪಕ್ಕದ ಟೇಬಲ್ಲು — ಆದರೂ.

ಭವ್ಯ ಓದುತ್ತಾಳೆಂದು ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಗಾಜಿನ ಅಚ್ಚುಗಳನ್ನು ರಬ್ಬರ್ ಹಾಲಿನಲ್ಲಿ ಅದ್ದಿ ಒಣಗಿಸಿ ಬಿಡಿಸಿದ ಮಾಲು ನಮ್ಮ ಟೆಸ್ಟಿಂಗ್ ಕೋಣೆಗೆ ಬರುತ್ತಿತ್ತು. ಅಲ್ಲಿ ಒಂದು ದೊಡ್ಡ ಚಕ್ರದ ಸುತ್ತ ಉಕ್ಕಿನ ಸರಳುಗಳು. ಹೆಂಗಸರು ಒಂದೊಂದು ಸರಳಿಗೂ ಒಂದೊಂದನ್ನು ಎಳೆದು ತೊಡಿಸುತ್ತ ಹೋಗಬೇಕು. ಯಂತ್ರ ಅದರ ಮೂಲಕ ಕರೆಂಟು ಹಾಯಿಸಿ ನೋಡುತ್ತದೆ. ತೂತಿಲ್ಲದಿದ್ದರೆ ಕರೆಂಟು ದಾಟುವುದಿಲ್ಲ, ಅದು ಸುರುಳಿಯಾಗಿ ಪ್ಯಾಕಿಂಗಿಗೆ ಹೋಗುತ್ತದೆ. ಸೂಜಿಮೊನೆಗಿಂತ ಸಣ್ಣ ತೂತಿದ್ದರೂ ಸಾಕು, ಯಂತ್ರ ಅದನ್ನು ಪಕ್ಕದ ತಟ್ಟೆಗೆ ತಳ್ಳುತ್ತದೆ. ನೀನು ಸರಳಿಗೆ ತೊಡಿಸುವವಳು. ನನ್ನ ಕೆಲಸ ಆ ಪಕ್ಕದ ತಟ್ಟೆ. ಅದರಲ್ಲಿ ಬಿದ್ದದ್ದನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ಒಂದೊಂದನ್ನೂ ಕತ್ತರಿಯಿಂದ ಎರಡು ತುಂಡು ಮಾಡಿ ಚೀಲಕ್ಕೆ ಹಾಕಬೇಕು. ಯಂತ್ರ ಹಿಡಿದ ತೂತು ನಮ್ಮ ಕಣ್ಣಿಗೆ ಕಾಣಿಸುವುದಿಲ್ಲ, ಅದಕ್ಕೇ ಒಂದೂ ಇಡಿಯಾಗಿ ಹೊರಗೆ ಹೋಗಬಾರದು ಎಂದು ಸೂಪರ್‌ವೈಸರ್ ಮೊದಲ ದಿನವೇ ಹೇಳಿದ್ದರು.

ಹಾಗಾಗಿ, ಗೊತ್ತಿರಲಿಲ್ಲ ಎನ್ನುವ ಮಾತು ನನ್ನಲ್ಲಿ ಇಲ್ಲ.

ನಮ್ಮ ಅತ್ತಿಗೆ ಶಾರದ ನಂದಿಯ ಕಡೆಯವರು. ಬೆಟ್ಟದ ಬುಡದ ದ್ರಾಕ್ಷಿ ತೋಟಗಳ ನಡುವೆ ಬೆಳೆದವರು. ಇಬ್ಬರು ಗಂಡುಮಕ್ಕಳಾದ ಮೇಲೆ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಹೃದಯದ ಕವಾಟ ಹಾಳಾಗಿದೆ ಎಂದು ಅಲ್ಲಿ ಗೊತ್ತಾಯಿತು. ಇನ್ನೊಂದು ಬಸಿರು ನಿಂತರೆ ಜೀವಕ್ಕೇ ಅಪಾಯ ಎಂದರು. ಈಗಲೇ ಮಕ್ಕಳಾಗದ ಆಪರೇಷನ್ ಮಾಡಲು ಹೃದಯ ತಡೆಯುವುದಿಲ್ಲ, ಸ್ವಲ್ಪ ಸುಧಾರಿಸಲಿ, ಅಲ್ಲಿಯವರೆಗೆ ಜೋಪಾನ ಎಂದರು. ಅಣ್ಣ ಆಪರೇಷನ್ ಮಾಡಿಸಿಕೊಳ್ಳಬಹುದಿತ್ತು. ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಒಂದು ದಿನ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಅತ್ತಿಗೆ ತಲೆ ಎತ್ತದೆ ಕೇಳಿದರು. "ಪದ್ಮ, ನಿಮ್ ಫ್ಯಾಕ್ಟ್ರೀಲಿ ಮಾಡೋದು ಗ್ಲೌಸ್ ಅಲ್ಲ ಅಂತ ನಂಗೊತ್ತು. ಮಂಜುಳಾನೂ ನೀನೂ ಒಂದೇ ಕಡೆ ಅಲ್ವಾ. ನಂಗೆ ಸ್ವಲ್ಪ ತಂದ್ಕೊಡ್ತೀಯಾ? ನಿಮ್ಮಣ್ಣಂಗೆ ಅಂಗಡೀಲಿ ಕೇಳಕ್ಕೆ ನಾಚ್ಕೆ."

ತಂದುಕೊಡುತ್ತೇನೆ ಎಂದೆ.

ಇಲ್ಲಿ ನಿಲ್ಲುತ್ತೇನೆ ಮಂಜುಳಾ — ಏಕೆಂದರೆ ಎಷ್ಟು ದಾರಿಗಳಿದ್ದವು. ಗೌರಿಬಿದನೂರಿನ ಯಾವುದಾದರೂ ಮೆಡಿಕಲ್ ಸ್ಟೋರಿಗೆ ಹೋಗಬಹುದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಸುಮ್ಮನೆ ಕೊಡುತ್ತಿದ್ದರು. ಎಲ್ಲಕ್ಕಿಂತ ಸುಲಭವಾಗಿ, ಪಕ್ಕದ ಟೇಬಲ್ಲಿನಲ್ಲಿದ್ದ ನಿನಗೆ ಹೇಳಬಹುದಿತ್ತು. ನೀನು ಅವತ್ತೇ ಅಂಗಡಿಗೆ ಹೋಗಿ, ಎಲ್ಲರೆದುರು ಕೇಳಿ, ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದೆ. ದಿನಕ್ಕೆ ಸಾವಿರಗಟ್ಟಲೆ ಕಾಂಡೋಮ್ ಮುಟ್ಟುವ ನನಗೆ ಒಂದು ಡಬ್ಬಿ ಕೊಡಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಗ್ಲೌಸ್ ಎಂಬ ಸುಳ್ಳು ಅಷ್ಟು ಹೊತ್ತಿಗೆ ನನಗೇ ನಿಜವಾಗಿತ್ತೋ ಏನೋ.

ಒಳ್ಳೆಯ ಮಾಲಿಗೆ ಬಿಗಿ ಲೆಕ್ಕ. ನನ್ನ ತಟ್ಟೆಯ ಲೆಕ್ಕ ನಾನು ಬರೆದದ್ದೇ ಲೆಕ್ಕ. ಆ ವಾರ ಹನ್ನೆರಡನ್ನು ಕತ್ತರಿಸದೆ ಬಿಟ್ಟೆ. ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿಟ್ಟು ಗೇಟು ದಾಟಿದೆ. ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಒಂದೊಂದಕ್ಕೂ ನೀರು ತುಂಬಿ ನೋಡಿದೆ. ಎರಡರಲ್ಲಿ ಹನಿ ಜಿನುಗಿತು, ಎಸೆದೆ. ಉಳಿದದ್ದನ್ನು ಒಣಗಿಸಿ, ಪೌಡರ್ ಸವರಿ, ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿ ಕೊಟ್ಟೆ. ಯಂತ್ರ ಕೆಲವು ಸಲ ಸರಳಿನ ತೇವಕ್ಕೂ ಒಳ್ಳೆಯ ಮಾಲನ್ನು ತಳ್ಳುತ್ತದೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವಲ್ಲ, ಅದನ್ನು ನೆನಪಿಸಿಕೊಂಡು ಸಮಾಧಾನ ಮಾಡಿಕೊಂಡೆ.

ಎರಡನೆಯ ಸಲ ಆರಕ್ಕೆ ಮಾತ್ರ ನೀರು ತುಂಬಿದೆ. ಆಮೇಲೆ ನೋಡುವುದನ್ನೇ ಬಿಟ್ಟೆ. ದಣಿದು ಬರುತ್ತಿದ್ದೆ, ಬಚ್ಚಲಿನಲ್ಲಿ ಅಷ್ಟು ಹೊತ್ತು ಏನು ಮಾಡ್ತೀಯ ಎಂದು ಅಮ್ಮ ಕೇಳುತ್ತಿದ್ದಳು, ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದುಕೊಂಡೆ — ಇವು ಕಾರಣಗಳಲ್ಲ. ನಡೆದದ್ದು ಹೀಗೆ ಎಂದಷ್ಟೇ ಹೇಳುತ್ತಿದ್ದೇನೆ. ಅತ್ತಿಗೆಗೆ ಅವು ಯಾವ ತಟ್ಟೆಯವು ಎಂದು ಹೇಳಲೇ ಇಲ್ಲ. ನನ್ನ ಹೆಸರು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಿದ್ದೆ. ಆಸ್ಪತ್ರೆಯವರು ಕೊಟ್ಟರು ಎಂದು ಅವರು ಅಣ್ಣನಿಗೆ ಹೇಳಿದ್ದರು.

ಐದು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ನನಗೆ ಶಿಡ್ಲಘಟ್ಟದಿಂದ ಸಂಬಂಧ ಬಂತು. ರೇಷ್ಮೆ ನೂಲು ತೆಗೆಯುವ ಘಟಕ ಇದ್ದವರು, ಅನುಕೂಲಸ್ಥರು. ಮುಂದಿನ ವಾರ ಹುಡುಗನ ಕಡೆಯವರು ಬರುವುದಿತ್ತು. ಅಮ್ಮ ಅತ್ತಿಗೆಯ ಪೆಟ್ಟಿಗೆಯಿಂದ ನನಗೊಂದು ಒಳ್ಳೆಯ ಸೀರೆ ತೆಗೆಯಲು ಹೋದಳು. ಸೀರೆಯ ಮಡಿಕೆಯಿಂದ ಪೊಟ್ಟಣ ಕೆಳಗೆ ಬಿತ್ತು.

ಬೆಳಗಿನ ಹೊತ್ತು. ಅಣ್ಣ ತಿಂಡಿಗೆ ಕುಳಿತಿದ್ದ. ಅಮ್ಮ ಪೊಟ್ಟಣ ಬಿಚ್ಚಿ ನಡುಮನೆಯಲ್ಲಿ ನಿಂತಳು. ಸಿಟ್ಟು ಬಂದರೆ ಅವಳಿಗೆ ತವರಿನ ತೆಲುಗೇ ಬರುತ್ತಿತ್ತು.

"ಎವರಿಚ್ಚಿನಾರೇ ಇದಿ?" ಎಂದಳು ಅತ್ತಿಗೆಗೆ. ಆಸ್ಪತ್ರೆಯವರು ಎಂದು ಅವರು ಮೆಲ್ಲಗೆ ಹೇಳಿದಾಗ ಕನ್ನಡದಲ್ಲಿ ಮತ್ತೆ, "ಯಾರು ಕೊಟ್ರು ಅಂತ ಕೇಳ್ತಿದೀನಿ. ಆಸ್ಪತ್ರೆಯೋರು ಹಿಂಗೆ ಬಿಡಿಬಿಡಿಯಾಗಿ ಪೇಪರಲ್ಲಿ ಕಟ್ಕೊಡ್ತಾರಾ?"

ಅಣ್ಣ ಅತ್ತಿಗೆಯನ್ನು ನೋಡಿದ. ಅತ್ತಿಗೆ ನನ್ನನ್ನು ನೋಡಿದರು. ಅವರ ನೋಟದ ಹಿಂದೆಯೇ ಅಮ್ಮನ ನೋಟವೂ ನನ್ನ ಕಡೆ ತಿರುಗುತ್ತಿತ್ತು. ತಿರುಗಿ ಮುಗಿಯುವ ಮೊದಲೇ ನಾನು ಹೇಳಿಬಿಟ್ಟೆ.

"ಮಂಜುಳ ಕೊಟ್ಟಿದ್ದು."

ನಿನ್ನ ಹೆಸರೇ ಯಾಕೆ ಬಾಯಿಗೆ ಬಂತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೀನು ಆ ಫ್ಯಾಕ್ಟರಿಯವಳೆಂದು ಊರಿಗೇ ಗೊತ್ತಿತ್ತು, ಅದಕ್ಕೆ ಎಂದುಕೊಳ್ಳುತ್ತಿದ್ದೆ. ಅದು ಅರ್ಧ ಸತ್ಯ. ಇನ್ನರ್ಧ — ನೀನು ಕೆಳಗಿನ ಕೇರಿಯವಳು. ಐದು ವರ್ಷ ನನ್ನ ಜೊತೆ ಓಡಾಡಿದ್ದರೂ ನಮ್ಮ ಮನೆಯ ಹೊಸಿಲು ದಾಟಿರಲಿಲ್ಲ, ದಾಟು ಎಂದು ನಾನು ಕರೆದಿರಲೂ ಇಲ್ಲ. ನಿನ್ನ ಮೇಲೆ ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಯೋಚಿಸಿ ಹೇಳಲಿಲ್ಲ. ಯೋಚಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಮುಂದಿನದು ನಿನಗೆ ಗೊತ್ತು. ಅಮ್ಮ ಪೊಟ್ಟಣ ಹಿಡಿದು ನಿಮ್ಮ ಕೇರಿಗೆ ನಡೆದಳು, ಹಿಂದೆ ಅಣ್ಣ, ಅವನ ಹಿಂದೆ ಅರ್ಧ ಊರು. ಜನರ ಹಿಂದೆ ಹುಣಸೆಮರದ ಹತ್ತಿರ ನಾನೂ ನಿಂತಿದ್ದೆ. ಅಮ್ಮ ಅದನ್ನು ನಿಮ್ಮ ಜಗುಲಿಯ ಮೇಲೆ ಎಸೆದಳು. ಮದುವೆಯಾಗದ ಹುಡುಗಿ ಸಂಸಾರಸ್ಥರ ಮನೆಗೆ ಇಂಥದ್ದನ್ನು ಹಂಚುತ್ತಾಳೆಂದರೆ ತಾನು ಎಂಥವಳಿರಬೇಕು ಎಂದಳು. ಇನ್ನೂ ಏನೇನೋ ಅಂದಳು, ಅವನ್ನು ಬರೆಯಲಾರೆ. ನೀನು ಒಳಗಿನಿಂದ ಬಂದು, ಬಾಗಿ ಆ ಪೊಟ್ಟಣ ಎತ್ತಿ ನೋಡಿದೆ.

"ನಾನು ಕೊಟ್ಟಿಲ್ಲ ಅಮ್ಮಾ. ಕೊಟ್ಟಿದ್ರೆ ಕೊಟ್ಟೆ ಅಂತಾನೇ ಹೇಳ್ತಿದ್ದೆ. ಇವನ್ನ ಯಾರೂ ಬಳಸಬಾರ್ದು, ಸುರುಳಿ ಮಿಷನ್ ಸುತ್ತಿದ್ದಲ್ಲ, ಇವು ಫೇಲಾಗಿರೋ ಮಾಲು. ಮೊದ್ಲು ಶಾರದಕ್ಕನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ತೋರಿಸಿ."

ಅಷ್ಟು ಬೈಗುಳದ ನಡುವೆ ನಿನಗೆ ಅತ್ತಿಗೆಯ ಯೋಚನೆ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಆ ಮಾತಿನ ಅರ್ಥ ಅಲ್ಲಿ ನಿಂತವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮನೆಗೆ ಬಂದು ಅತ್ತಿಗೆಗೆ ಹೇಳಲಿಲ್ಲ.

ಮಾರನೆಯ ದಿನ ಅಣ್ಣ ಫ್ಯಾಕ್ಟರಿಯ ಗೇಟಿಗೇ ಬಂದು ಜಗಳ ತೆಗೆದ. ಫೇಲಾದ ಮಾಲು ಹೊರಗೆ ಹೋಗಿದೆ ಎಂದರೆ ಕಂಪನಿಯವರು ಸುಮ್ಮನಿರುತ್ತಾರೆಯೇ. ಸೂಪರ್‌ವೈಸರ್ ಮೊದಲು ನನ್ನನ್ನೇ ಕರೆದರು, ಅದು ನನ್ನ ತಟ್ಟೆಯ ಮಾಲಲ್ಲವೇ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮಂಜುಳ ನಿಮ್ ಟೇಬಲ್ ಹತ್ರ ಬರ್ತಿದ್ರೇನಮ್ಮ?"

"ಬರ್ತಿದ್ಲು ಸಾರ್."

ಅದು ಸುಳ್ಳಲ್ಲ. ನೀನು ದಿನಾ ಬರುತ್ತಿದ್ದೆ. ನಿನ್ನ ಡಬ್ಬಿಯ ಹುರುಳಿಸಾರನ್ನು ನನಗೆ ಕೊಟ್ಟು ನನ್ನ ಚಿತ್ರಾನ್ನ ಎತ್ತಿಕೊಳ್ಳಲು ಬರುತ್ತಿದ್ದೆ. ಸುಳ್ಳು ಹೇಳದೆಯೇ ನಿನ್ನ ಕೆಲಸ ತೆಗೆದೆ. ಎರಡು ದಿನದಲ್ಲಿ ನಿನ್ನಿಂದ ರಾಜೀನಾಮೆ ಬರೆಸಿಕೊಂಡರು.

ಹೋಗುವಾಗ ನೀನು ಬಸ್ಸಿನ ಹತ್ತಿರ ನನಗಾಗಿ ಕಾದಿದ್ದೆ. "ಪದ್ಮ, ನೀನು ಜೋಪಾನ ಕಣೇ. ನಿನ್ ತಟ್ಟೆಗೆ ಯಾರೋ ಕೈ ಹಾಕ್ತಿದಾರೆ. ಇವತ್ತು ನನ್ ಮೇಲೆ ಬಂತು, ನಾಳೆ ನಿನ್ ಮೇಲೆ ಬಂದೀತು," ಎಂದೆ. ನಾನು ತಲೆ ಆಡಿಸಿದೆ.

ಎರಡು ತಿಂಗಳೊಳಗೆ ನಿಮ್ಮ ಮನೆಗೆ ಬೀಗ ಬಿತ್ತು. ನಿಮ್ಮಪ್ಪ ವಾಲ್ವ್ ತಿರುಗಿಸಲು ಬಂದಾಗ ಹುಡುಗರು ಹಿಂದಿನಿಂದ ಹೊಲಸು ಮಾತಾಡುತ್ತಿದ್ದರು. ಅವರು ಕೀಲಿಯನ್ನು ಪಂಚಾಯ್ತಿ ಆಫೀಸಿನಲ್ಲಿ ಇಟ್ಟು, ನಿಮ್ಮನ್ನೆಲ್ಲ ಕರೆದುಕೊಂಡು ಕೈವಾರದಲ್ಲಿದ್ದ ನಿಮ್ಮ ಸೋದರಮಾವನ ಮನೆಗೆ ಹೋದರು. ವರ್ಷ ತುಂಬುವುದರೊಳಗೆ ಅಲ್ಲೇ ಹೋಗಿಬಿಟ್ಟರು ಎಂದು ಕೇಳಿದೆ. ನಾನು ಮಣ್ಣಿಗೆ ಬರಲಿಲ್ಲ.

ಶಿಡ್ಲಘಟ್ಟದವರು ಬಂದು ನೋಡಿ ಒಪ್ಪಿದರು. ಮದುವೆಯಾಯಿತು.

ಪೊಟ್ಟಣ ಸಿಕ್ಕ ದಿನಕ್ಕಾಗಲೇ ಅತ್ತಿಗೆ ಬಸಿರಾಗಿದ್ದರು, ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಮೊದಲಿನಿಂದಲೂ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ. ಅನುಮಾನ ಬಂದ ಮೇಲೂ ಬಾಯಿ ಬಿಡಲಿಲ್ಲ. ಬಿಟ್ಟರೆ ಮತ್ತೆ ಆ ಪೊಟ್ಟಣದ ಮಾತು, ಮತ್ತೆ ಬೀದಿ, ಮತ್ತೆ ನನ್ನ ಮದುವೆ — ಹೀಗೆ ಹೆದರಿ ಹೆದರಿ ಐದು ತಿಂಗಳು ಕಳೆದರು. ಆಗ ಡಾಕ್ಟರು, ತೆಗೆಸುವುದೂ ಅಪಾಯ, ಉಳಿಸಿಕೊಳ್ಳುವುದೂ ಅಪಾಯ ಎಂದರು. ನಾನು ಅವತ್ತು ನಡುಮನೆಯಲ್ಲಿ ನಿಜ ಹೇಳಿದ್ದರೆ, ಬೈಗುಳ ನನಗೆ ಬೀಳುತ್ತಿತ್ತು. ಅತ್ತಿಗೆ ಹೆದರದೆ ಆಸ್ಪತ್ರೆಗೆ ಹೋಗುತ್ತಿದ್ದರು. ಎರಡನೆಯ ತಿಂಗಳಲ್ಲಿ ಮಾತ್ರೆಯಲ್ಲಿ ಮುಗಿಯುತ್ತಿತ್ತು.

ಭವ್ಯ, ಈ ಸಾಲನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನೀನು ನರ್ಸಿಂಗ್ ಓದುವವಳು, ನಾನು ಬರೆಯದಿದ್ದರೂ ಲೆಕ್ಕ ಹಾಕುತ್ತೀಯ. ನಿಮ್ಮಮ್ಮ ನಿನ್ನನ್ನು ಒಂದು ದಿನವೂ ಬೇಡ ಎಂದುಕೊಳ್ಳಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ ಮಗಳೇ.

ಹೆರಿಗೆಗೆ ಮುಂಚೆ ಅತ್ತಿಗೆಯನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಲಗಿಸಿದ್ದಾಗ ನಾನು ಶಿಡ್ಲಘಟ್ಟದಿಂದ ನೋಡಲು ಹೋಗಿದ್ದೆ. ಮಧ್ಯಾಹ್ನ, ಅಮ್ಮ ಊಟಕ್ಕೆ ಹೊರಗೆ ಹೋಗಿದ್ದಳು. ಅತ್ತಿಗೆ ದಿಂಬಿಗೆ ಒರಗಿ ಕುಳಿತೇ ಉಸಿರಾಡುತ್ತಿದ್ದರು. ನನ್ನ ಕೈ ಹಿಡಿದುಕೊಂಡು ಹೇಳಿದರು.

"ಅವತ್ತು ನಾನೂ ಬಾಯಿ ಬಿಡ್ಲಿಲ್ಲ ಪದ್ಮ. ನಿನ್ ಮದ್ವೆ ನಿಂತೋಗುತ್ತೆ ಅಂತ ಸುಮ್ನಿದ್ದೆ. ಈಗ ಮದ್ವೆ ಆಗಿದೆಯಲ್ಲ. ಹೋಗಿ ಮಂಜುಳಂಗೆ ಹೇಳ್ಬಿಡು. ನಿಮ್ಮಣ್ಣಂಗೂ ಹೇಳ್ಬಿಡು."

"ಹೇಳ್ತೀನಿ ಅತ್ತಿಗೆ."

ಆಗ ಅವೆಲ್ಲ ತೂತಿನ ಮಾಲು ಎಂದು ಅವರಿಗೆ ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅಮ್ಮ ಬಂದಳು. ಅವಳು ಬರದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಹೆರಿಗೆಗೆ ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದರು, ಅಲ್ಲಿ ಭವ್ಯ ಹುಟ್ಟಿದಳು. ಅತ್ತಿಗೆ ಬದುಕಿ ಬಂದರು, ಆದರೆ ಮೊದಲಿನಂತಾಗಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಆಗುತ್ತಿರಲಿಲ್ಲ, ಚಾಪೆಯ ಮೇಲೆ ಪಕ್ಕದಲ್ಲಿ ಮಲಗಿಸಿಕೊಂಡು ಮಾತಾಡಿಸುತ್ತಿದ್ದರು. ಎರಡು ವರ್ಷ ಹೀಗೆ ಎಳೆದರು. ನಾನು ಹೋದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಕೊನೆಕೊನೆಗೆ ನೋಡುವುದನ್ನೂ ಬಿಟ್ಟರು.

ಅವರು ಹೋದ ಮೇಲೆ ಅಣ್ಣನ ಬಾಯಲ್ಲಿ ಒಂದು ಮಾತು ನಿಂತುಬಿಟ್ಟಿತು. "ಆ ನೀರುಗಂಟಿ ಮಗಳು ತೂತಿನ ರಬ್ಬರು ಕೊಟ್ಟು ನನ್ ಹೆಂಡ್ತೀನ ಸಾಯಿಸಿದ್ಲು." ತಿಥಿಯ ದಿನ ಹೇಳುತ್ತಿದ್ದ, ಯಾರಾದರೂ ಅತ್ತಿಗೆಯ ಮಾತು ತೆಗೆದರೆ ಹೇಳುತ್ತಿದ್ದ. ಅಮ್ಮ ಸಾಯುವವರೆಗೂ ಅದಕ್ಕೆ ಹೂಂ ಎನ್ನುತ್ತಿದ್ದಳು. ಭವ್ಯ ಅದನ್ನು ಕೇಳುತ್ತಲೇ ಬೆಳೆದಳು. ನಾನು ಅದೇ ಚಾಪೆಯ ಮೇಲೆ ಕುಳಿತು ಎಲೆ ಒರೆಸುತ್ತ, ಅನ್ನ ಬಡಿಸುತ್ತ — ಹದಿನೈದು ತಿಥಿಗಳಲ್ಲಿ ಕೇಳಿಸಿಕೊಂಡೆ.

ನನ್ನ ಗಂಡನಿಗೆ ಹೇಳಿದೆ, ಮದುವೆಯಾಗಿ ಹತ್ತು ವರ್ಷಕ್ಕೆ. ಅವರು ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ನಿಂತು ಪೂರ್ತಿ ಕೇಳಿ, "ಈಗ ಹೇಳಿ ಯಾರಿಗೆ ಏನು ಬರುತ್ತೆ, ಬಿಡು," ಎಂದರು. ಬಿಟ್ಟೆ. ಬಿಡು ಎನ್ನುವವರು ಒಬ್ಬರು ಬೇಕಾಗಿತ್ತು ನನಗೆ.

ಈ ವರ್ಷ ಭವ್ಯ ಚಿಕ್ಕಬಳ್ಳಾಪುರದ ನರ್ಸಿಂಗ್ ಕಾಲೇಜು ಸೇರಿದಳು. ಎರಡು ತಿಂಗಳ ಹಿಂದೆ ಅವಳ ಫೋನು ಬಂತು. ಕಾಲೇಜಿಗೆ ಒಬ್ಬರು ಕೌನ್ಸೆಲರ್ ಬಂದಿದ್ದರಂತೆ, ಚಿಂತಾಮಣಿಯವರು. ಹೆಣ್ಣುಮಕ್ಕಳಿಗೆ ಗರ್ಭನಿರೋಧದ ಬಗ್ಗೆ ಎರಡು ಗಂಟೆ ನಿಂತು ಮಾತಾಡಿದರಂತೆ, ಎಲ್ಲರನ್ನೂ ನಗಿಸಿದರಂತೆ. 'ನಾನು ಚಿಕ್ಕ ವಯಸ್ಸಿನಲ್ಲಿ ಕಾಂಡೋಮ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವಳು, ನಾಚಿಕೆ ಅಲ್ಲೇ ಬಿಟ್ಟು ಬಂದೆ' ಎಂದರಂತೆ. ಊರಿನ ಹೆಸರು ಹೇಳಿದಾಗ ಇವಳಿಗೆ ಗೊತ್ತಾಯಿತು.

"ಅತ್ತೆ, ಅವ್ರು ಅವ್ರೇನೇ. ಅಮ್ಮನ್ನ ಸಾಯಿಸಿ ಹೆಂಗೆ ನಿಂತು ಪಾಠ ಹೇಳ್ತಾರೆ? ನಾನು ಎಲ್ಲರ ಮುಂದೆ ಕೇಳ್ತೀನಿ. ಮುಂದಿನ ತಿಂಗ್ಳು ಮತ್ತೆ ಬರ್ತಾರೆ."

ಕೇಳಬೇಡ ಎಂದೆ. ಯಾಕೆ ಎಂದಳು. ನಾನು ಮೊದಲು ಹೋಗಿ ನೋಡಿ ಬರುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಎಂದು ಬೇಡಿಕೊಂಡೆ. ನಿನ್ನ ವಿಳಾಸ ಹುಡುಕಿಕೊಟ್ಟವಳು ಅವಳೇ.

ಹೀಗೆ ನಾನು ನಿನ್ನ ಬಾಗಿಲಿಗೆ ಬಂದೆ. ನೀನು ಒಂದು ಕ್ಷಣ ನೋಡಿ, "ಪದ್ಮ ಅಲ್ವೇನೇ?" ಎಂದು ಕೈ ಹಿಡಿದು ಒಳಗೆ ಎಳೆದುಕೊಂಡೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ನಿಮ್ಮಪ್ಪನ ಫೋಟೋ. ನಿನ್ನ ಮನೆಯವರು ಮೇಷ್ಟ್ರು, ಅವರೇ ಕಾಫಿ ಮಾಡಿ ತಂದರು. ನೀನು ಕೈವಾರದಲ್ಲಿ ಹೂ ಕಟ್ಟಿ, ಟೊಮೆಟೊ ಬಿಡಿಸಿ, ಮತ್ತೆ ಓದಿ ಈ ಕೆಲಸ ಹಿಡಿದ ಕಥೆಯನ್ನು ಬೇರೆ ಯಾರದೋ ಕಥೆಯಂತೆ ನಗುತ್ತ ಹೇಳಿದೆ. ನಾನು ಲೋಟ ಕೆಳಗಿಟ್ಟೆ, "ಮಂಜುಳಾ, ಒಂದು ಮಾತು ಹೇಳ್ಬೇಕು," ಎಂದೆ. ಅದೇ ಹೊತ್ತಿಗೆ ನೀನು ಹೇಳಿದೆ:

"ಒಂದ್ ವಿಷ್ಯ ಗೊತ್ತಾ ಪದ್ಮ, ಆ ಊರಲ್ಲಿ ನನ್ ಮೇಲೆ ಒಂದ್ ಮಾತೂ ಆಡದೇ ಇದ್ದೋಳು ನೀನೊಬ್ಳೇ. ನಮ್ಮಪ್ಪನೂ ಹೇಳೋರು, ಗೌಡ್ರ ಮಗಳು ಒಳ್ಳೇದು, ಬಾಯ್ ತೆಗೀಲಿಲ್ಲ ಅಂತ."

ನಾನು ಕಾಫಿ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ನೀನು ಕೊಟ್ಟ ಹೂವನ್ನು ಮುಡಿದುಕೊಂಡು ಶಿಡ್ಲಘಟ್ಟದವರೆಗೂ ಕುಳಿತಿದ್ದೆ.

ಎರಡು ವಾರದ ಹಿಂದೆ ಊರಿಗೆ ಹೋದೆ. ಅಣ್ಣ ತೋಟದಲ್ಲಿ ಕೋಸಿನ ಮೂಟೆ ಹೊಲಿಯುತ್ತಿದ್ದ. ಬದುವಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ — ತಟ್ಟೆ, ಕತ್ತರಿ, ಬಚ್ಚಲು, ಎಲ್ಲ. ಅವನು ಹೊಲಿಯುವುದನ್ನು ನಿಲ್ಲಿಸಲಿಲ್ಲ. ಎರಡು ಮೂಟೆ ಮುಗಿದ ಮೇಲೆ ಕೇಳಿದ.

"ಶಾರದಂಗೆ ಗೊತ್ತಿತ್ತಾ?"

"ನಾನು ತಂದಿದ್ದು ಅಂತ ಗೊತ್ತಿತ್ತು. ತೂತಿನ ಮಾಲು ಅಂತ ನಾನು ಹೇಳಲಿಲ್ಲ. ಆಮೇಲೆ ನಿನ್ ಬಾಯಿಂದಾನೋ ಊರವ್ರ ಬಾಯಿಂದಾನೋ ಕೇಳಿರ್ತಾರೆ."

"ನಾನು ಗೇಟಿಗೆ ಹೋಗಿ ಆ ಹುಡ್ಗೀನ ಅಷ್ಟೊಂದು ಅಂದ್ನಲ್ಲೇ," ಎಂದ. ಆಮೇಲೆ ದಬ್ಬಣವನ್ನು ಮೂಟೆಗೆ ಚುಚ್ಚಿಟ್ಟು, "ನೀನು ಈಗ ಹೋಗು," ಎಂದ. ಬಸ್ ಸ್ಟಾಪಿನವರೆಗೆ ಬಿಡಲು ಬರಲಿಲ್ಲ. ಯಾವಾಗಲೂ ಬರುತ್ತಿದ್ದವನು.

ಭವ್ಯಳಿಗೂ ಹೇಳಿದೆ, ಹಾಸ್ಟೆಲಿನ ಹೊರಗಿನ ಬೆಂಚಿನ ಮೇಲೆ. ಅವಳು ಎದ್ದು ಒಳಗೆ ಹೋದಳು. ಆಮೇಲೆ ಒಂದು ವಾರ ನನ್ನ ಫೋನು ಎತ್ತಲಿಲ್ಲ.

ಮಂಜುಳಾ, ಕ್ಷಮಿಸು ಎಂದು ಬರೆಯಲು ಕೈ ಹೋಯಿತು, ಅಳಿಸಿದೆ. ಅದನ್ನು ಕೇಳಿದರೆ ನೀನು ಕೊಟ್ಟುಬಿಡುವ ಪೈಕಿ, ನನಗೆ ಗೊತ್ತು. ಅದಕ್ಕೇ ಕೇಳುತ್ತಿಲ್ಲ. ಈ ಹಾಳೆಗಳನ್ನು ಯಾರಿಗೆ ಬೇಕಾದರೂ ತೋರಿಸು. ಊರಿನಲ್ಲಿ ಓದಬೇಕು ಎಂದರೆ ನಿಮ್ಮ ಕೇರಿಯಲ್ಲೇ ನಿಂತು ನಾನೇ ಓದುತ್ತೇನೆ, ಅಣ್ಣ ಬಂದರೂ ಬರದಿದ್ದರೂ. ನಿಮ್ಮಪ್ಪ ನನ್ನನ್ನು ಒಳ್ಳೆಯವಳೆಂದು ನಂಬಿಕೊಂಡೇ ಹೋದರು. ಅದನ್ನು ಅವರಿಂದ ವಾಪಸು ತೆಗೆದುಕೊಳ್ಳಲು ನನಗೆ ಇನ್ನು ದಾರಿಯಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ಕೊಟ್ಟು, ನೀನು ಓದಿ ಮುಗಿಸುವವರೆಗೆ ಹೊರಗೆ ಕುಳಿತಿರುತ್ತೇನೆ. ಆಮೇಲೆ ಒಳಗೆ ಕರೆಯುವುದೂ ಬಾಗಿಲು ಹಾಕುವುದೂ ನಿನ್ನ ಇಷ್ಟ.

ನಿನ್ನೆ ಭವ್ಯ ತಾನಾಗಿಯೇ ಫೋನು ಮಾಡಿದಳು. "ಅವ್ರು ಭಾನುವಾರ ಮನೇಲಿರ್ತಾರೆ," ಎಂದಷ್ಟೇ ಹೇಳಿ ಇಟ್ಟಳು.

ಭಾನುವಾರ ಬರುತ್ತೇನೆ.